ಗಾಯಕ ನೀರು ಕೇಳಿದ ಸಂಜೆ

ಅಕ್ಕನ ಮೆಸೇಜ್ ಬಂದಾಗ ನಾನು ಆಳಂದದಲ್ಲಿ ನನ್ನ ಔಷಧಿ ಅಂಗಡಿಯಲ್ಲಿದ್ದೆ. ಜೇವರ್ಗಿಯ ಹೊರಗಿನ ಬಯಲಿನಲ್ಲಿ ಆ ಹೆಸರಾಂತ ಗಾಯಕನ ಕಾರ್ಯಕ್ರಮವಿದೆ, ಎರಡು ಪಾಸು ಸಿಕ್ಕಿವೆ, ನೀನು ಬರಲೇಬೇಕು ಎಂದು ಬರೆದಿದ್ದಳು. ಸಂತೋಷಕ್ಕಿಂತ ಮೊದಲು ನನಗೆ ಅನುಮಾನ ಬಂತು.

ಅಕ್ಕ ಅಫಜಲಪುರದಲ್ಲಿ ಪ್ರಾಥಮಿಕ ಶಾಲೆಯ ಟೀಚರ್. ಐವತ್ತು ದಾಟಿದವಳು. ಆ ಗಾಯಕನ ಹಾಡುಗಳು ಅವಳಿಗೆ ಬಾಯಿಪಾಠ ಅನ್ನುವುದು ನಿಜ. ಆದರೆ ಗದ್ದಲವೆಂದರೆ ಅವಳಿಗೆ ಆಗದು, ಮದುವೆಯಲ್ಲಿ ಬ್ಯಾಂಡು ಶುರುವಾಗುವ ಮೊದಲೇ ಊಟ ಮಾಡಿ ಹೊರಡುವವಳು. ಮೇಲಾಗಿ ಒಂದು ವರ್ಷದಿಂದ ಅವಳು ನನ್ನ ಫೋನ್ ಎತ್ತುತ್ತಿರಲಿಲ್ಲ. ಏನಿದ್ದರೂ ಬರೆದು ಕಳಿಸು ಅನ್ನುತ್ತಿದ್ದಳು. ಮನೆಗೆ ಹೋದರೆ ನಾನು ಕೇಳಿದ್ದೊಂದು, ಅವಳು ಹೇಳುವುದೊಂದು.

ಕಾರಣ ನನಗೆ ಗೊತ್ತು ಅಂದುಕೊಂಡಿದ್ದೆ. ಖಜೂರಿಯಲ್ಲಿ ಅಪ್ಪನ ಹೊಲ ನಮ್ಮಿಬ್ಬರ ಹೆಸರಿನಲ್ಲಿದೆ. ಅದನ್ನು ಮಾರೋಣ ಅಂತ ಅವಳು ಒಮ್ಮೆ ಅಂದಾಗ ನಾನು ಒಪ್ಪಿರಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ, ಈಗ ಹಾಡಿನ ನೆಪದಲ್ಲಿ ಕರೆದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾಳೆ ಅಂತ ಲೆಕ್ಕ ಹಾಕಿದೆ. ಆದರೂ ಹೋದೆ. ಏನು ಮಾಡುತ್ತಾಳೋ ನೋಡೇಬಿಡೋಣ ಎಂಬ ಹಟ.

ಅಫಜಲಪುರದಿಂದ ಇಬ್ಬರೂ ಬಸ್ಸಿನಲ್ಲಿ ಹೊರಟೆವು. ಕಿಟಕಿಯ ಕಡೆ ನನ್ನನ್ನು ಕೂಡಿಸಿ ತಾನು ನನ್ನ ಕಡೆ ಅರ್ಧ ತಿರುಗಿ ಕೂತಳು. ನಾನು ಬಾಯಿ ತೆರೆದಾಗಲೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಮನಸ್ಸಿನಲ್ಲೇನಿದೆ ಅಂತ ಅಳೆಯುತ್ತಿದ್ದಾಳೆ ಅನ್ನಿಸಿತು. ತೊಡೆಯ ಮೇಲಿನ ಬ್ಯಾಗನ್ನು ದಾರಿಯುದ್ದಕ್ಕೂ ಎರಡೂ ಕೈಯಿಂದ ಹಿಡಿದೇ ಇದ್ದಳು. ಅದರೊಳಗಿಂದ ಒಂದು ಪ್ಲಾಸ್ಟಿಕ್ ಫೈಲಿನ ಮೂಲೆ ಕಾಣುತ್ತಿತ್ತು. ಕಾಗದ ತಂದೇ ಇದ್ದಾಳೆ ಅಂದುಕೊಂಡು ನಾನು ಹೊಲದ ಸುದ್ದಿಯನ್ನೇ ತೆಗೆಯಲಿಲ್ಲ.

ಜೇವರ್ಗಿ ಮುಟ್ಟಿದ ಮೇಲೆ ನನ್ನ ಅನುಮಾನ ಗಾಯಕನ ಕಡೆಗೂ ತಿರುಗಿತು. ಅಷ್ಟು ದೊಡ್ಡವನು ಇಲ್ಲಿಗೆ ಯಾಕೆ ಬಂದಾನು? ಅವನಂತೆ ಗಡ್ಡ ಬಿಟ್ಟ ಬೇರೆ ಯಾರನ್ನೋ ನಿಲ್ಲಿಸುತ್ತಾರೆ ಅಂತ ಬಸ್ಸಿನಲ್ಲೇ ಯಾರೋ ಅಂದಿದ್ದರು. ತೊಗರಿ ಕಟಾವಾದ ಹೊಲಗಳನ್ನು ಸಮ ಮಾಡಿ, ಕಟ್ಟಡದಷ್ಟು ಎತ್ತರದ ವೇದಿಕೆ ಕಟ್ಟಿದ್ದರು. ಎರಡೂ ಬದಿಗೆ ದೊಡ್ಡ ಪರದೆ. ಒಂದರ ಮೇಲೊಂದು ಪೇರಿಸಿದ ಸ್ಪೀಕರುಗಳು. ಕಾಲಿಟ್ಟಲ್ಲೆಲ್ಲ ಕರಿಮಣ್ಣಿನ ಧೂಳು. ನಾನು ಹಿಂದೆ ಗಾಳಿಯಾಡುವಲ್ಲಿ ನಿಲ್ಲೋಣ ಅಂದೆ. ಅಕ್ಕ ಕೇಳಲಿಲ್ಲ. ಜನರನ್ನು ಸರಿಸುತ್ತ ಹೋಗಿ ಸ್ಪೀಕರಿನ ಎದುರಿಗೇ ನಿಂತಳು.

ಹೊತ್ತು ಮುಳುಗುವ ಮುಂಚೆ ಅವನು ಬಂದ. ಅವನೇ, ಬೇರೆಯವನಲ್ಲ. ಜನ ಕೂಗಿ ಕುಣಿದರು. ನಾನು ಎರಡೂ ಕಿವಿ ಮುಚ್ಚಿಕೊಂಡೆ. ಅಕ್ಕ ಮಾತ್ರ ಅಲ್ಲಾಡದೆ ನಿಂತು, ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತಿದ್ದ ಅವನ ಮುಖ ನೋಡುತ್ತಿದ್ದಳು.

ಮೂರನೆಯದೋ ನಾಲ್ಕನೆಯದೋ ಹಾಡು. ಅಕ್ಕ ನನ್ನ ತೋಳು ಜಗ್ಗಿ ಕಿವಿಯ ಹತ್ತಿರ ಬಾಯಿ ತಂದಳು.

"ಪಾಪ, ಅಂವ ಹಾಡ ನಿಲ್ಸಿ ನೀರು ಕೇಳಾಕತ್ತಾನ. ಯಾರೂ ಕೊಡವಲ್ರು ನೋಡು."

ನಾನು ಪರದೆ ನೋಡಿದೆ. ಅವನು ಮೈಕನ್ನು ಎದೆಗೆ ಇಳಿಸಿ, ವೇದಿಕೆಯ ಬದಿಗೆ ತಿರುಗಿ ಏನೋ ಹೇಳುತ್ತಿದ್ದ. ಆದರೆ ಹಾಡು ನಿಂತಿರಲಿಲ್ಲ. ಅವನದೇ ದನಿ, ಒಂದು ಅಕ್ಷರವೂ ತಪ್ಪದೆ ಬಯಲಿನ ತುಂಬ ಹರಿಯುತ್ತಿತ್ತು. ಅಷ್ಟರಲ್ಲಿ ಒಬ್ಬ ನೀರಿನ ಬಾಟಲಿ ಹಿಡಿದು ಓಡಿ ಬಂದ.

ಇಷ್ಟು ಹೊತ್ತು ಅವನು ರೆಕಾರ್ಡಿಗೆ ಬರೀ ತುಟಿ ಆಡಿಸುತ್ತಿದ್ದ ಅನ್ನುವುದು ನನಗೆ ಮೊದಲು ಹೊಳೆಯಿತು. ಎರಡನೆಯದು ಹೊಳೆಯಲು ಇನ್ನೊಂದು ಗಳಿಗೆ ಬೇಕಾಯಿತು. ಹಾಡು ನಡೆದೇ ಇದೆ ಅನ್ನುವುದು ಅಕ್ಕನಿಗೆ ಗೊತ್ತಿರಲಿಲ್ಲ.

ಹಾಡುಗಳ ನಡುವೆ ಸ್ವಲ್ಪ ಬಿಡುವು ಕೊಟ್ಟರು. ಗದ್ದಲ ಇಳಿಯಿತು. ನಾನು ಅವಳ ಬೆನ್ನ ಹಿಂದೆ ಸರಿದು ನಿಂತು ಅಕ್ಕಾ ಅಂತ ಕರೆದೆ. ಇನ್ನೂ ಜೋರಾಗಿ ಕರೆದೆ. ಪಕ್ಕದ ಹೆಂಗಸು ತಿರುಗಿ ನೋಡಿದಳು. ಅಕ್ಕ ತಿರುಗಲಿಲ್ಲ. ಮುಂದೆ ಬಂದು ಅವಳ ಭುಜ ಹಿಡಿದು ಕೇಳಿದೆ.

"ನಿಂಗ ಕೇಳಸ್ತದೋ ಇಲ್ಲೋ?"

ಅವಳು ಸುತ್ತ ಯಾರಾದರೂ ಕೇಳಿಸಿಕೊಂಡರೇನೋ ಅಂತ ನೋಡಿದಳು. "ಮುಖಾ ನೋಡಿದ್ರ ತಿಳಿತದ" ಅಂದಳು.

ಗುಂಪಿನಿಂದ ಹೊರಗೆ ಬಂದು, ನೀರಿನ ಟ್ಯಾಂಕರಿನ ಹತ್ತಿರ ಕೂತೆವು. ಅವಳು ಬ್ಯಾಗಿನಿಂದ ಆ ಫೈಲನ್ನು ತೆಗೆದು ನನ್ನ ಕೈಗಿಟ್ಟಳು. ಹೊಲದ ಕಾಗದವಾಗಿರಲಿಲ್ಲ. ಸೊಲ್ಲಾಪುರದ ಕಿವಿ ಡಾಕ್ಟರರ ವರದಿ. ಎರಡು ಕಿವಿಗಳಿಗೆ ಎಷ್ಟು ಕೇಳುತ್ತದೆ ಅಂತ ತೋರಿಸುವ ಅದರಲ್ಲಿನ ಎರಡು ಗೆರೆಗಳೂ ಕೆಳಗೆ ಇಳಿದಿದ್ದವು. ಎಡಗಿವಿ ಹೆಚ್ಚೂಕಡಿಮೆ ಹೋಗಿತ್ತು, ಬಲಗಿವಿ ಅದರ ಹಿಂದೆಯೇ ಹೊರಟಿತ್ತು. ಅವಳು ಒಬ್ಬಳೇ ಹೋಗಿ ಬಂದಿದ್ದಳು. ಶಾಲೆಯಲ್ಲಿ ಗೊತ್ತಾದರೆ ತನ್ನನ್ನು ಪಾಠದಿಂದ ತೆಗೆದು ಬರವಣಿಗೆ ಕೆಲಸಕ್ಕೆ ಕೂಡಿಸುತ್ತಾರೆ ಅನ್ನುವ ಭಯ. ಮಕ್ಕಳನ್ನು ಒಬ್ಬೊಬ್ಬರನ್ನೇ ಮೇಜಿನ ಹತ್ತಿರ ಕರೆದು ಓದಿಸಿ, ತುಟಿ ನೋಡಿ ತಪ್ಪು ತಿದ್ದುತ್ತಿದ್ದಳಂತೆ. ನನಗೆ ಹೇಳಬೇಕೆಂದೇ ಕರೆದದ್ದು, ಬಸ್ಸಿನಲ್ಲಿ ಬಾಯಿ ಬರಲಿಲ್ಲವಂತೆ.

ಅದಕ್ಕೆ ಇಲ್ಲಿಗೇ ಯಾಕೆ ಬರಬೇಕಿತ್ತು ಅಂದೆ.

"ಇಷ್ಟು ದೊಡ್ಡ ಸದ್ದಿನಾಗರ ಹಾಡು ಹಾಡಿನಂಗ ಕೇಳಸ್ತದೇನು ನೋಡೂಣಂತ ಬಂದೆ. ಎದಿಗೆ ಬಡಿತದ, ಅಷ್ಟ. ಹಾಡು ಬರವಲ್ದು."

ಅವಳು ಅಳಲಿಲ್ಲ. ವರ್ಷವಿಡೀ ಅವಳನ್ನು ಹೊಲದ ಆಸೆಯವಳು ಅಂದುಕೊಂಡಿದ್ದೆ. ಗಾಯಕ ಚೆನ್ನಾಗಿ ಹಾಡಿದನೇ ಅಂತ ಅವಳು ಕೇಳಿದಳು. ಹೌದು, ಭಾಳ ಚಲೋ ಹಾಡಿದ ಅಂತ ಅವಳ ಎದುರಿಗೆ ಮುಖ ಹಿಡಿದು ಸುಳ್ಳು ಹೇಳಿದೆ.

ಮರುವಾರ ಕಲಬುರಗಿಗೆ ಕರೆದುಕೊಂಡು ಹೋದೆ. ಬಲಗಿವಿಗೆ ಯಂತ್ರ ಹಾಕಿದರು. ಮೊದಮೊದಲು ಪಾತ್ರೆಯ ಸದ್ದು, ಫ್ಯಾನಿನ ಸದ್ದು ತಲೆ ತಿನ್ನುತ್ತವೆ ಅಂತ ಕಿತ್ತಿಡುತ್ತಿದ್ದಳು. ಹೆಡ್‌ಮೇಡಮ್ಮಿಗೆ ಹೇಳಲು ತಿಂಗಳು ಹಿಡಿಯಿತು. ಅವರು ಅವಳನ್ನು ಪಾಠದಿಂದ ತೆಗೆಯಲಿಲ್ಲ. ರಸ್ತೆಯ ಸದ್ದು ಬಾರದ ಹಿಂದಿನ ಕೋಣೆ ಕೊಟ್ಟರು.

ಆದರೂ ನಾನು ಅವಳನ್ನು ಪೂರ್ತಿ ನಂಬುವುದಿಲ್ಲ. ಕೇಳಿಸದಿದ್ದರೂ ಹೂಂ ಅನ್ನುವುದು ಅವಳಿಗೆ ಎಷ್ಟೋ ದಿನಗಳ ರೂಢಿ. ನನ್ನ ಮಾತು ಮುಗಿಯುವ ಮೊದಲೇ ತಲೆಯಾಡಿಸಿದರೆ ನಾನು ನಿಲ್ಲಿಸುತ್ತೇನೆ. "ನಾ ಏನಂದೆ ಹೇಳು?" ಅನ್ನುತ್ತೇನೆ. ಅರ್ಧ ಸಲ ಸರಿಯಾಗಿ ಹೇಳುತ್ತಾಳೆ. ಉಳಿದರ್ಧ ಸಲ ನನಗೇ ಬೈಯುತ್ತಾಳೆ.