ಒಡಪಿನೊಳಗಿನ ಹೆಸರು

ತೊಂಬತ್ತರ ದಶಕದ ಮೊದಲ ವರ್ಷಗಳು. ದೀಪಾವಳಿಯ ಹೊತ್ತಿಗೆ ನನ್ನ ಪತ್ನಿಗೆ ಲಕ್ವ ಹೊಡೆದು, ಬಲಗೈಯ ಜೊತೆಗೆ ನುಡಿಯೂ ಬಿದ್ದುಹೋಯಿತು. ನಾವು ಹೇಳಿದ್ದು ಆಕೆಗೆ ತಿಳಿಯುತ್ತಿತ್ತು; ಉತ್ತರ ಮಾತ್ರ ತುಟಿಯವರೆಗೆ ಬಂದು ಮರಳುತ್ತಿತ್ತು. ಪರಾ, ಪಶ್ಯಂತೀ, ಮಧ್ಯಮಾ, ವೈಖರೀ ಎಂದು ಒಳಗಿನ ಮೂಲದಿಂದ ಹೊರಗಿನ ನುಡಿಯವರೆಗೆ ವಾಕ್ಕಿನ ನಾಲ್ಕು ನೆಲೆಗಳನ್ನು ಗುರುಮುಖದಿಂದ ಕಲಿತವನು ನಾನು. ಆಕೆಯ ಮಾತು ಅವುಗಳಲ್ಲಿ ಎಲ್ಲಿ ಸಿಕ್ಕಿಕೊಂಡಿದೆಯೋ ಎಂದು ಚಿಕ್ಕೋಡಿಯ ಮನೆಯ ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದೆ. ಜಪಕ್ಕೆ ಕುಳಿತರೂ ಕಿವಿ ಒಳಕೋಣೆಯಲ್ಲಿಯೇ ಇರುತ್ತಿತ್ತು.

ಸಂಕ್ರಾಂತಿಗೆ ಓಣಿಯ ಹೆಂಗಸರು ಅರಿಶಿಣ-ಕುಂಕುಮಕ್ಕೆ ಬಂದರು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಹಾಗೆಯೇ ಹೇಳುವುದಿಲ್ಲ. ಹೇಳಲೇಬೇಕಾದಾಗ ಪ್ರಾಸದ ಎರಡು ಸಾಲು ಕಟ್ಟಿ, ಅದರೊಳಗೆ ಇಟ್ಟು ಹೇಳುತ್ತಾಳೆ. ಅದೇ ಒಡಪು.

“ಒಡಪ ಹೇಳದ ಕುಂಕುಮ ಹಚ್ಚಾಂಗಿಲ್ಲ ನೋಡ್ರಿ ಕಾಕು!” ಎಂದಳು ಪಕ್ಕದ ಮನೆಯಾಕೆ, ರೂಢಿಯ ಬಲದಿಂದ.

“ಸುಮ್ಮಿರ ಬೇ, ಅವರಿಗೆಲ್ಲಿ ಮಾತ ಬರ್ತಾವು?” ಎಂದು ಇನ್ನೊಬ್ಬಳು ಗದರಿದಳು.

ಆಗ ನನ್ನ ಪತ್ನಿ, ಮದುವೆಯ ದಿನ ಹೇಳಿದ ರಾಗದಲ್ಲಿಯೇ, ಒಂದಕ್ಷರವೂ ತೊದಲದೆ ಹೇಳಿದಳು:

“ಕೃಷ್ಣಾ ಹೊಳಿ ದಂಡ್ಯಾಗ ಕಬ್ಬಿನ ಗಾಣ, … ರಾಯರಂದ್ರ ನನ್ನ ಪ್ರಾಣ!”

ನಾನಿಲ್ಲಿ ಬರೆಯದೆ ಬಿಟ್ಟದ್ದು ನನ್ನ ಹೆಸರು. ಹೆಂಗಸರು ನಕ್ಕರು, ಅತ್ತರು. ನಾನು “ಏನು ಬೇಕು?” ಎಂದು ಕೇಳಿದೆ. ಉತ್ತರ ಮತ್ತೆ ತುಟಿಯವರೆಗೆ ಬಂದು ಮರಳಿತು.

ಇದನ್ನು ಹೇಳಿದಾಗ ಮಿರಜದ ವೈದ್ಯರು ಬೆರಗುಗೊಳ್ಳಲಿಲ್ಲ. “ಬಾಯಿಪಾಠದ್ದು, ರಾಗದ್ದು ಮೆದುಳಿನ್ಯಾಗ ಬ್ಯಾರೆ ದಾರೀಲೆ ಬರ್ತೈತ್ರಿ. ಈಗೀಗ ಇದನ್ನ ಭಾಳ ಮಂದಿ ಅಭ್ಯಾಸ ಮಾಡಾಕತ್ತಾರ.”

“ಆ ದಾರೀಲೆ ಸಾದಾ ಮಾತೂ ಬಂದೀತೇನ್ರಿ?”

“ಬರಬಹುದು. ಬರದನೂ ಇರಬಹುದು. ದಿನಾ ಒಡಪ ಅನಸ್ರಿ.”

ದಿನವೂ ಹೇಳಿಸಿದೆ. ಪರಿಣಾಮವಾಗಿ, ಜೀವಮಾನವಿಡೀ ಹಬ್ಬ-ಮದುವೆಗಳಲ್ಲಿ ಬಿಟ್ಟರೆ ನನ್ನ ಹೆಸರೆತ್ತದವಳು ಎಲ್ಲದಕ್ಕೂ ಒಡಪನ್ನೇ ಕೂಗತೊಡಗಿದಳು. “ಕಾಕಾ, ನಿಮ್ಮ ಹೆಸರ ಬಸ್ ಸ್ಟ್ಯಾಂಡಿನ ತನಾ ಕೇಳಾಕತ್ತೈತಿ, ಓಡ್ರಿ!” ಎಂದು ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಚೇಷ್ಟೆ ಮಾಡುವಳು. ಓಡುತ್ತಿದ್ದೆ. ಬಾಯಾರಿಕೆಯೋ, ನೋವೋ, ಭಯವೋ? ನೀರು ಹಿಡಿದರೆ ಅಲ್ಲವೆಂದು ತಲೆಯಾಡಿಸುವಳು. ದಿಂಬು ಸರಿಸಿದರೂ ತಲೆಯಾಡಿಸುವಳು. ಕಣ್ಣಲ್ಲಿ ನೀರು ತುಂಬುತ್ತಿತ್ತು. ಯಡೂರಿನ ವೀರಭದ್ರನಿಗೆ ಹರಕೆ ಹೊತ್ತು ಹೋದವನು, ಅಲ್ಲಿಯೂ ಆ ಕೂಗು ಕೇಳಿದಂತಾಗಿ, ಮಂಗಳಾರತಿಗೂ ನಿಲ್ಲದೆ ಬಸ್ಸು ಹಿಡಿದೆ.

ಬೇಸಿಗೆಯ ಒಂದು ಬೆಳಿಗ್ಗೆ ಅಭಿಷೇಕದಲ್ಲಿದ್ದೆ. ಒಳಗಿನಿಂದ ಒಡಪು ಎದ್ದಿತು. “ಕೃಷ್ಣಾ ಹೊಳಿ ದಂಡ್ಯಾಗ ಕಬ್ಬಿನ ಗಾಣ…”

ನಿಂತಿತು. ನನ್ನ ಹೆಸರು ಬರಲಿಲ್ಲ. ಇದ್ದ ಒಂದು ದಾರಿಯೂ ಮುಚ್ಚಿತೆಂದುಕೊಂಡೆ.

“ಬ… ಬರ್ರಿ,” ಎಂದಿತು ಒಡಕು ಧ್ವನಿ. ರಾಗವಿರಲಿಲ್ಲ. ಮದುವೆಯಾದಂದಿನಿಂದ ಆಕೆ ನನ್ನನ್ನು ಕರೆಯುತ್ತಿದ್ದುದೇ ಹಾಗೆ. “ನೀರ…”

ಪೂಜೆಯ ನಡುವೆ ನಾನೆಂದೂ ಎದ್ದವನಲ್ಲ. ದೇವರ ಮುಂದಿದ್ದ ತಂಬಿಗೆಯನ್ನೇ ಎತ್ತಿಕೊಂಡು ಒಳಕೋಣೆಗೆ ಓಡಿದೆ.