ಡ್ರೈವರ್ ಚಾಚಾನ ರಕ್ತಪರೀಕ್ಷೆ

ಡ್ರೈವರ್ ಚಾಚಾನ ಮುಖ ಬೆಳಿಗ್ಗೆಯೇ ಕೆಂಪಗಿರುತ್ತಿತ್ತು. ಬಿಸಿಲಿಗೆ ಕಂದಿದ ಕೆಂಪಲ್ಲ. ಕೆನ್ನೆ, ಕಿವಿ, ಅಂಗೈ, ಕಣ್ಣಿನ ಬಿಳಿಭಾಗ ಸಹಿತ ರಕ್ತ ಒತ್ತಿ ಬಂದಂತೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸಂಪಗಾಂವದ ಶಾಲೆಯಲ್ಲಿ ಶಿಕ್ಷಕಿ. ಬೈಲಹೊಂಗಲದಿಂದ ದಿನಾ ಅವರ ಟೆಂಪೊದಲ್ಲೇ ಹೋಗುತ್ತಿದ್ದೆ. ಎಲೆ ಅಡಿಕೆಯನ್ನೂ ಮುಟ್ಟದ ಮನುಷ್ಯ. ಆದರೂ ಸ್ಟ್ಯಾಂಡಿನಲ್ಲಿ ಅವರಿಗೆ ಬಿದ್ದಿದ್ದ ಹೆಸರು ‘ಕುಡುಕ’.

“ಮುಂಜಾನೆದ್ದು ಹಾಕ್ಕೊಂಡ ಬಂದಾನ ನೋಡ” ಎಂದು ಅವರಿಗೆ ಕೇಳುವಂತೆಯೇ ಆಡಿಕೊಳ್ಳುತ್ತಿದ್ದರು. ಚಾಚಾ ವಾದಕ್ಕೆ ನಿಲ್ಲುತ್ತಿರಲಿಲ್ಲ. “ಅನ್ಲಿ ಬಿಡ್ರಿ ಅಕ್ಕಾರ, ಗಾಡಿ ನೆಟ್ಟಗ ಹೊಂಟೈತಿಲ್ಲ?” ಎನ್ನುವರು.

ಒಂದು ದಿನ ದಾರಿಯ ಮಧ್ಯೆ ಅವರೇ ಗಾಡಿ ನಿಲ್ಲಿಸಿದರು. ಕೀಲಿ ತೆಗೆದು ನನ್ನ ಕೈಗಿಟ್ಟರು.

“ಕಣ್ಣ ಮುಂದ ಮಬ್ಬ ಬರಾಕತ್ತೈತಿ ಅಕ್ಕಾರ. ಇಷ್ಟ ಮಂದಿನ್ನ ಕುಂಡ್ರಿಸಿಕೊಂಡು ನಾ ಗಾಡಿ ಹೊಡಿಯಂಗಿಲ್ಲ.”

“ಇವತ್ತ ಜಾಸ್ತಿ ಆಗೇತಿ” ಎಂದು ಹಿಂದಿನ ಸೀಟಿನಿಂದ ಯಾರೋ ನಕ್ಕರು. ಚಾಚಾ ರಸ್ತೆ ಬದಿಯ ಕಲ್ಲಿನ ಮೇಲೆ ತಲೆ ಹಿಡಿದುಕೊಂಡು ಕುಳಿತರು.

ಉಳಿದವರು ಬೇರೆ ಗಾಡಿ ಹಿಡಿದರು. ಅವರಲ್ಲೊಬ್ಬರ ಕೈಲಿ ಶಾಲೆಗೆ ರಜೆ ಹೇಳಿ ಕಳಿಸಿ, ನಾನು ಅವರನ್ನು ಎದುರು ಬಂದ ಬಸ್ಸಿನಲ್ಲಿ ಬೈಲಹೊಂಗಲದ ಡಾಕ್ಟರ ಬಳಿ ಕರೆದೊಯ್ದೆ. ರಕ್ತ ನೋಡಿದ ಡಾಕ್ಟರು, “ಮಂದಿಗೆ ರಕ್ತ ಕಡಿಮಿ ಇರ್ತೈತಿ, ನಿಮಗ ವಿಪರೀತ ಐತಿ. ಗಟ್ಟಿ ಆಗೇತಿ, ಸರಿಯಾಗಿ ಹರಿವಲ್ದು” ಎಂದರು. ಕೆಂಪು ರಕ್ತಕಣ ತಯಾರಿಸು ಎಂದು ಮೂಳೆಯ ಮಜ್ಜೆಗೆ ಹೇಳುವ ಹಾರ್ಮೋನೊಂದು ಮೂತ್ರಪಿಂಡದಿಂದ ಬರುತ್ತದಂತೆ. ಅದು ಹೆಚ್ಚಿದ್ದರೆ ತೊಂದರೆ ಬೇರೆಲ್ಲೋ ಇರಬಹುದು. ತೀರಾ ಕಡಿಮೆಯಿದ್ದರೆ ಮಜ್ಜೆ ಯಾರ ಮಾತೂ ಕೇಳದೆ ತಾನೇ ರಕ್ತ ಮಾಡುತ್ತಿದೆ ಎಂದು ಸಂಶಯ. ಅದನ್ನು ಅಳೆಯಲು ಚಾಚಾನ ರಕ್ತ ಬೆಳಗಾವಿಯ ಮೂಲಕ ಮುಂಬೈಗೆ ಹೋಯಿತು. ವರದಿ ಬಂದಾಗ ಹಾರ್ಮೋನು ಇಲ್ಲವೆನ್ನುವಷ್ಟು ಕಡಿಮೆಯಿತ್ತು.

“ಇದು ಮಜ್ಜಿದ ಬ್ಯಾನಿ. ಆಗಾಗ ರಕ್ತ ತಗಸಬೇಕು. ಪೂರ್ತಿ ವಾಸಿ ಆಗೂದಿಲ್ಲ, ಆದ್ರ ಹಿಡತದಾಗ ಇಡಬಹುದು” ಎಂದರು ಡಾಕ್ಟರು.

ಚಾಚಾ ಕೇಳಿದ್ದು ಒಂದೇ ಮಾತು. “ಇದು ಕುಡದದ್ದಕ್ಕ ಬಂದದ್ದಲ್ಲ, ಹೌದಲ್ರಿ?”

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.”

ಹೊರಗೆ ಬಂದ ಮೇಲೆ ತಲೆ ತಗ್ಗಿಸಿ ಹೇಳಿದರು. “ಅಕ್ಕಾರ, ಒಂದ್ಸಲ ಮನಿಗೆ ಬರ್ರಿ. ಇದನ್ನ ನಮ್ಮಾಕಿಗೆ ನೀವ ಹೇಳ್ರಿ. ಆಕಿನೂ ನನ್ನ ನಂಬೂದ ಬಿಟ್ಟಾಳ.”

ಅಲ್ಲಿಯವರೆಗೆ ಈ ಸಂಕಟ ನನಗೆ ಗೊತ್ತೇ ಇರಲಿಲ್ಲ. ಚಾಚಿ ಹೊಸ್ತಿಲಲ್ಲಿ ನಿಂತೇ ಎಲ್ಲವನ್ನೂ ಕೇಳಿದರು. ಸ್ನಾನದ ನಂತರ ಮೈ ತುರಿಸುವುದೂ ಈ ಕಾಯಿಲೆಯ ಲಕ್ಷಣವೆಂದು ಡಾಕ್ಟರು ಹೇಳಿದ್ದನ್ನೂ ತಿಳಿಸಿದೆ. “ಜಳಕ ಮಾಡಿದ ಕೂಡ್ಲೆ ಮೈ ತುರಸತೈತಿ ಅಂತ ಮನಿತುಂಬ ಅಡ್ಡಾಡತಿದ್ರು. ಅದನ್ನೂ ನಾ ನಶಾ ಅಂದ್ನಿ” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಆತ ಬಿಡ, ಅಕ್ಕಾರಿಗೆ ಚಾ ಇಡು” ಎಂದರು ಚಾಚಾ.

ಮುಂದೆ ರಕ್ತ ತೆಗೆಸಲು ಹೋದಾಗಲೆಲ್ಲ ಚಾಚಿ ಜೊತೆಗಿರುತ್ತಿದ್ದರು. ಚಾಚಾ ಬಹಳ ವರ್ಷ ಟೆಂಪೊ ನಡೆಸಿ, ಒಂದು ಬೇಸಿಗೆಯಲ್ಲಿ ತೀರಿಕೊಂಡರು. ಮಾತಾಡಿಸಲು ಹೋದಾಗ ಚಾಚಿ ನನ್ನ ಕೈ ಹಿಡಿದುಕೊಂಡು, “ನೀವು ಅವತ್ತ ಬಂದು ಹೇಳದಿದ್ರ ಇಷ್ಟ ವರ್ಷ ನಮಗ ಸಿಗತಿರಲಿಲ್ಲ” ಎಂದರು.

ನಾನು ಹೇಳಿದ್ದು ಡಾಕ್ಟರ ಮಾತನ್ನಷ್ಟೆ. ಜನ ಏನನ್ನುತ್ತಾರೆಂದು ಗೊತ್ತಿದ್ದೂ ಅಷ್ಟು ಮಂದಿಯೆದುರು ಗಾಡಿ ನಿಲ್ಲಿಸಿದವರು ಅವರು. ಅವರು ಹಾಗೆ ಕಾಪಾಡಿದ ಮಂದಿಯಲ್ಲಿ ನಾನೂ ಇದ್ದೆ.