ಕೊಂಡಾಪುರದಲ್ಲಿ ಕರೆಂಟ್ ಹೋದ ಮಧ್ಯಾಹ್ನ

ಸುಮಂಗಲಾಳ ಮನೆಯಲ್ಲಿ ಎರಡು ಪಕ್ಷಗಳಿದ್ದವು. ಒಂದು ಸರಕಾರದ ಪಕ್ಷ. ಅದಕ್ಕೆ ಅವಳ ಗಂಡ ಗೊಲ್ಲಾಳಪ್ಪನೇ ಅಧ್ಯಕ್ಷ, ಅವನೇ ಕಾರ್ಯಕರ್ತ. ಇನ್ನೊಂದು ಖಾಸಗಿ ಪಕ್ಷ. ಅದರ ಬಾವುಟ ಹಿಡಿದವಳು ಸುಮಂಗಲಾ. ಹೈದರಾಬಾದಿನ ಕೂಕಟ್‌ಪಲ್ಲಿಯ ಆ ಎರಡು ಕೋಣೆಯ ಮನೆಯಲ್ಲಿ ಬೆಳಗಿನ ಚಹಾದ ಜೊತೆಗೇ ಅಧಿವೇಶನ ಶುರುವಾಗುತ್ತಿತ್ತು. ನಳದಲ್ಲಿ ನೀರು ಬರದ ದಿನ ಅವಳು ಗಂಡನ ಮುಖವನ್ನೇ ದಿಟ್ಟಿಸಿ ನೋಡುತ್ತಿದ್ದಳು, ಸರಕಾರವೇ ಎದುರಿಗೆ ಕೂತಿದೆ ಎಂಬಂತೆ. ಯಾವುದೋ ಖಾಸಗಿ ಕಂಪನಿ ರಾತ್ರೋರಾತ್ರಿ ಬಾಗಿಲು ಹಾಕಿದ ಸುದ್ದಿ ಬಂದರೆ, ನೀರಾವರಿ ಕಚೇರಿಯ ಗುಮಾಸ್ತನಾದ ಗೊಲ್ಲಾಳಪ್ಪ ಅದನ್ನು ಎರಡು ಸಲ ಗಟ್ಟಿಯಾಗಿ ಓದುತ್ತಿದ್ದ.

ತಮಾಷೆಯೆಂದರೆ, ಸುಮಂಗಲಾ ಸರಕಾರದ ಅನ್ನ ಉಂಡೇ ದೊಡ್ಡವಳಾದವಳು. ಲಿಂಗಸುಗೂರಿನ ಹುಡುಗಿ, ರಾಯಚೂರಿನ ಸರಕಾರಿ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದಳು. ಮದುವೆಯಾಗಿ ಹೈದರಾಬಾದಿಗೆ ಬಂದಮೇಲೆ ಕೇಂದ್ರ ಸರಕಾರದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ನೌಕರಿ ಸಿಕ್ಕಿತು. ಅಲ್ಲಿ ನೌಕಾಪಡೆಯ ಹಡಗುಗಳಿಗೆ ಹೋಗುವ ಕಾರ್ಡುಗಳಿಗೆ ಬೆಸುಗೆ ಹಾಕುವುದು ಅವಳ ಕೆಲಸ. ಕಾರ್ಡೆಂದರೆ ಅಂಗೈಯಗಲದ ಹಸಿರು ಹಲಗೆ. ಯಂತ್ರದ ಬುದ್ಧಿಯೆಲ್ಲ ಅದರ ಮೇಲಿನ ಸಣ್ಣ ಸಣ್ಣ ಬಿಡಿಭಾಗಗಳಲ್ಲಿ ಇರುತ್ತದೆ. ಕಣ್ಣು ಚುರುಕು, ಕೈ ಚುರುಕು, ನಾಲಗೆಯಂತೂ ಕೇಳುವುದೇ ಬೇಡ. ಮೇಲಧಿಕಾರಿಗಳು ಅವಳ ಬೆಸುಗೆಯನ್ನು ಮೆಚ್ಚಿ, ಬಾಯಿಗೆ ಹೆದರಿ, ಒಳ್ಳೆಯ ಮಾತಾಡಿಕೊಂಡು ಇದ್ದರು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಾರ್ಖಾನೆಯಲ್ಲಿ ಕೆಲಸ ತೆಳುವಾಯಿತು. ಬೇಕಾದವರು ಸ್ವಯಂ ನಿವೃತ್ತಿ ತೆಗೆದುಕೊಳ್ಳಬಹುದೆಂದು ಸುತ್ತೋಲೆ ಬಂತು. ಅತ್ತ ಊರಂಚಿನ ಕೊಂಡಾಪುರದ ಬಂಡೆಗಲ್ಲುಗಳ ನಡುವೆ ಗಾಜಿನ ಕಟ್ಟಡಗಳು ಏಳುತ್ತಿದ್ದವು, ಒಳಗೆ ಸಾಲುಸಾಲು ಕಂಪ್ಯೂಟರುಗಳು. ಆದರೆ ಕರೆಂಟು ಮಾತ್ರ ಹಳೆಯ ಕರೆಂಟೇ, ಮನಸ್ಸು ಬಂದಾಗ ಬರುವುದು, ಬೇಸರವಾದಾಗ ಹೋಗುವುದು. ಕರೆಂಟ್ ಹೋದ ಕೂಡಲೇ ಬ್ಯಾಟರಿಯಿಂದ ಕಂಪ್ಯೂಟರುಗಳನ್ನು ನಡೆಸುವ ಯುಪಿಎಸ್ ಯಂತ್ರ ಪ್ರತಿ ಕಚೇರಿಗೂ ಬೇಕಾಗಿತ್ತು. ಅದನ್ನು ತಾನೇ ಮಾಡಬಲ್ಲೆನೆಂದು ಸುಮಂಗಲಾಳಿಗೆ ಅನ್ನಿಸಿತು. ಅನ್ನಿಸಿದ ಮೇಲೆ ಅವಳನ್ನು ತಡೆಯುವವರು ಯಾರು?

"ಸರಕಾರಿ ನೌಕರಿ ಬಿಟ್ರ ಮಂದಿ ಏನಂತಾರ, ಗೊತ್ತೈತೇನು ನಿನಗ?" ಎಂದ ಗೊಲ್ಲಾಳಪ್ಪ.

"ಮಂದಿ ಬಾಯಿಗೆ ನಾ ಬೆಸಗಿ ಹಾಕಾಂಗಿಲ್ರಿ," ಎಂದಳು ಸುಮಂಗಲಾ. "ನನ್ನ ಕೆಲಸ ನಾ ನೋಡ್ಕೋತೀನಿ."

ಮನೆಯ ಹಿಂದಿನ ಕಾರ್ ಶೆಡ್ಡನ್ನು ಬಾಡಿಗೆಗೆ ಹಿಡಿದು, ಓಣಿಯ ಇಬ್ಬರು ಹೆಣ್ಣುಮಕ್ಕಳಿಗೆ ಬೆಸುಗೆ ಕಲಿಸಿ, ಕೆಲಸ ಶುರುಮಾಡಿದಳು. ನಿವೃತ್ತಿ ತೆಗೆದುಕೊಂಡಾಗ ಹದಿನಾರು ವರ್ಷದ ದುಡಿಮೆಗೆ ಬಂದದ್ದೆಲ್ಲ ಅದರಲ್ಲಿ ಸುರಿದಳು. ಸಣ್ಣಪುಟ್ಟ ಅಂಗಡಿಗಳು ಕೊಂಡವು, ಆದರೆ ಅಂಗಡಿಗಳಿಂದ ಶೆಡ್ಡಿನ ಹೊಟ್ಟೆ ತುಂಬುವಂತಿರಲಿಲ್ಲ. ಕಡೆಗೆ ಕೊಂಡಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕಟ್ಟಡದ ಉಸ್ತುವಾರಿ ನೋಡುತ್ತಿದ್ದ ಕಲಬುರಗಿಯ ಆನಂದಕುಮಾರ ಒಪ್ಪಿದ. ಮೊದಲು ಒಂದು ಮಹಡಿಗೆ ಯಂತ್ರ ಕೂಡಿಸಬೇಕು. ಮಳೆಗಾಲದಲ್ಲಿ ಅದು ನಿಭಾಯಿಸಿದರೆ ಇಡೀ ಕಟ್ಟಡದ ಕೆಲಸ ಅವಳಿಗೆ, ಇಲ್ಲವಾದರೆ ವಿದೇಶಿ ಯಂತ್ರಗಳಿಗೆ. ಆ ಕೆಲಸ ತಪ್ಪಿದರೆ ಶೆಡ್ಡಿಗೆ ಬೀಗ ಬೀಳುವುದು ಖಂಡಿತವೆಂದು ಗಂಡಹೆಂಡತಿ ಇಬ್ಬರಿಗೂ ತಿಳಿದಿತ್ತು. ಆ ಒಂದು ವಿಷಯದಲ್ಲಿ ಮಾತ್ರ ಎರಡೂ ಪಕ್ಷಗಳು ಬಾಯಿ ಬಿಡುತ್ತಿರಲಿಲ್ಲ.

ಶ್ರಾವಣದ ಜಡಿಮಳೆಯಲ್ಲಿ ಕರೆಂಟ್ ಹೋಯಿತು, ಸುಮಂಗಲಾಳ ಯಂತ್ರವೂ ಅದರ ಹಿಂದೆಯೇ ಹೋಯಿತು. ಮಹಡಿಯ ಹುಡುಗರು ಬೆಳಗಿನಿಂದ ಮಾಡಿದ ಕೆಲಸ ನೀರುಪಾಲು. ಯಂತ್ರವನ್ನು ಶೆಡ್ಡಿಗೆ ತಂದು ಬಿಚ್ಚಿ, ಒರೆಸಿ, ಕರೆಂಟು ಕೊಟ್ಟರೆ ಒಳ್ಳೆಯ ಮಗುವಿನಂತೆ ನಡೆಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸುಮಂಗಲಾ ಕಟ್ಟಡದ ವೈರಿಂಗೇ ಸರಿಯಿಲ್ಲವೆಂದು ವಾದಿಸಿದಳು. ಆನಂದಕುಮಾರ ಸಮಾಧಾನದಿಂದ ಕೇಳಿಸಿಕೊಂಡು, ಇನ್ನೊಂದು ಅವಕಾಶ ಕೊಡುವುದಾಗಿ ಹೇಳಿದ. ಆದರೆ ಈ ಸಲ ಸರಕಾರಿ ಪರೀಕ್ಷಾ ಪ್ರಯೋಗಾಲಯದ ಪ್ರಮಾಣಪತ್ರ ತರಬೇಕು, ಇಲ್ಲವಾದರೆ ತನ್ನ ಮೇಲಿನವರು ಒಪ್ಪುವುದಿಲ್ಲ ಎಂದ.

ಗಾಜಿನ ಕಟ್ಟಡದ ಖಾಸಗಿ ಕಂಪನಿಗೆ ಸರಕಾರದ ಠಸ್ಸೆಯೇ ಬೇಕಾಯಿತಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಗೊಲ್ಲಾಳಪ್ಪ ಆ ದಿನ ಒಂದು ರೊಟ್ಟಿ ಹೆಚ್ಚು ಉಂಡ.

ಯಂತ್ರ ಒಯ್ಯಬೇಕಾದ ಹಿಂದಿನ ದಿನ ಖಂಡೇಪೂಜೆ, ಅಂದರೆ ಆಯುಧಪೂಜೆ. ಕಾರ್ಖಾನೆಯಲ್ಲಿದ್ದಾಗ ವಿಭೂತಿ ಕುಂಕುಮ ಏನಿದ್ದರೂ ಯಂತ್ರದ ಹೊರಮೈಗೆ ಮಾತ್ರ, ಮುಚ್ಚಳ ತೆರೆಯಲು ಯಾರೂ ಬಿಡುತ್ತಿರಲಿಲ್ಲ. ಇಲ್ಲಿ ಅವಳೇ ಮಾಲೀಕಳು. ಮೊದಲೇ ಒಮ್ಮೆ ಕೈಕೊಟ್ಟ ಯಂತ್ರ, ಬರೀ ಡಬ್ಬಿಗೆ ಪೂಜೆ ಮಾಡಿ ಒಳಗಿನದನ್ನು ಬಿಟ್ಟರೆ ಹೇಗೆ ಎಂದು ಅವಳಿಗೆ ಅಳುಕು. ಮುಚ್ಚಳ ಬಿಚ್ಚಿದಳು. ವಿಭೂತಿ ಗಟ್ಟಿಯನ್ನು ನೀರಲ್ಲಿ ನೆನೆಸಿ, ಒಂದು ಕಾರ್ಡನ್ನೂ ಬಿಡದೆ, ಮೂರು ಬೆರಳಿನಿಂದ ಚೆಂದಾಗಿ ಮೂರೆಳೆ ಎಳೆದಳು. ಆರಿದ ಮೇಲೆ ಮುಚ್ಚಳ ಬಿಗಿದು, ಕಾಯಿ ಒಡೆದು, ಕೈಮುಗಿದಳು.

ಪ್ರಯೋಗಾಲಯದಲ್ಲಿ ಯಂತ್ರವನ್ನು ಬಿಸಿ ಹಬೆ ತುಂಬಿದ ಪೆಟ್ಟಿಗೆಯಂಥ ಕೋಣೆಯೊಳಗೆ ಇಟ್ಟು ನಡೆಸಿದರು. ಸ್ವಲ್ಪ ಹೊತ್ತಿಗೆ ಅದು ನಿಂತೇಹೋಯಿತು. ಅಲ್ಲಿನ ಅಧಿಕಾರಿ ವಿಜಯಶ್ರೀ ಎಂಬ ತೆಲುಗು ಹೆಣ್ಣುಮಗಳು ಮುಚ್ಚಳ ತೆರೆದು ನೋಡಿ, ಈ ಮೂರು ಗೆರೆ ನಿಮ್ಮ ಕಂಪನಿಯ ಗುರುತೇ ಎಂದು ಕೇಳಿದಳು. ಕುಚೋದ್ಯವಲ್ಲ, ನಿಜವಾಗಿಯೇ ಕೇಳಿದಳು. ಸುಮಂಗಲಾಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಒಣ ಬೂದಿ ಸುಮ್ಮನಿರುತ್ತದೆ. ಅದು ತೇವ ಹೀರಿದರೆ ಕರೆಂಟು ತನ್ನ ದಾರಿ ಬಿಟ್ಟು ಅದರ ಮೇಲೆ ಹರಿಯುತ್ತದೆ. ಪಾಲಿಟೆಕ್ನಿಕ್‌ನ ಮೊದಲ ವರ್ಷದ ಪಾಠ. ಭಕ್ತಿಯ ಭರದಲ್ಲಿ ಅದನ್ನೇ ಮರೆತಿದ್ದಳು.

ತಲೆತಗ್ಗಿಸಿ ಕಾರ್ಡನ್ನು ನೋಡುತ್ತಿದ್ದವಳಿಗೆ ಇನ್ನೊಂದು ಕಾರ್ಡು ನೆನಪಾಯಿತು. ಕೊಂಡಾಪುರದಿಂದ ವಾಪಸು ತಂದ ಯಂತ್ರದೊಳಗೂ ಹೀಗೇ ಬೂದುಬಣ್ಣದ ಪದರವಿತ್ತು. ಏನೋ ಧೂಳೆಂದು ಬಟ್ಟೆಯಿಂದ ಒರೆಸಿ ಹಾಕಿದ್ದಳು, ಒರೆಸಿದ ಮೇಲೆ ಯಂತ್ರ ನಡೆದಿತ್ತು. ಆ ಧೂಳು ಸಿಮೆಂಟಿನದು! ಕೊಂಡಾಪುರದ ತುಂಬ ಹಗಲೂ ಇರುಳೂ ಕಟ್ಟಡ ಕೆಲಸ. ಯಂತ್ರದ ಫ್ಯಾನು ಸಿಮೆಂಟ್ ಧೂಳನ್ನು ಒಳಗೆಳೆದುಕೊಂಡಿದೆ, ಮಳೆಯ ಗಾಳಿ ಅದನ್ನು ತೇವ ಮಾಡಿದೆ. ವೈರಿಂಗು ಪಾಪ, ಏನೂ ಮಾಡಿರಲಿಲ್ಲ.

ಬಸ್ಸಿನಲ್ಲಿ ಮನೆಗೆ ಬರುವಾಗ ಅವಳಿಗೆ ಇನ್ನೂ ದೊಡ್ಡ ನಾಚಿಕೆ ಕಾದಿತ್ತು. ಹಡಗಿನ ಕಾರ್ಡುಗಳಿಗೆ ಉಪ್ಪುಗಾಳಿ ತಾಗಬಾರದೆಂದು ಕಾರ್ಖಾನೆಯಲ್ಲಿ ಪಾರದರ್ಶಕ ವಾರ್ನಿಷ್ ಒಂದರಲ್ಲಿ ಅದ್ದುತ್ತಿದ್ದರು. ವಿಜ್ಞಾನಿಗಳು ಎಷ್ಟೋ ವರ್ಷ ಹೆಣಗಿ ಮಾಡಿದ ವಾರ್ನಿಷ್ ಅದು. ಶೆಡ್ಡು ಶುರುವಾದಾಗ ಅವಳಿಗೆ ಅದು ನೆನಪಿರಲಿಲ್ಲವೆಂದಲ್ಲ. ಹಡಗೇನು ಕೊಂಡಾಪುರಕ್ಕೆ ಬರುತ್ತದೆಯೇ, ಇದೆಲ್ಲ ಸರಕಾರದ ದಂಡದ ಕೆಲಸ ಎಂದು ಬೇಕೆಂದೇ ಕೈಬಿಟ್ಟಿದ್ದಳು.

ಬಜಾರಿನ ವಾರ್ನಿಷ್ ತಂದು ಬಳಿದು ನೋಡಿದಳು. ಯಂತ್ರ ಬಿಸಿಯಾದರೆ ಅದು ಸೀಳುಬಿಡುತ್ತಿತ್ತು. ವಿಧಿಯಿಲ್ಲದೆ, ಇನ್ನು ತುಳಿಯುವುದಿಲ್ಲವೆಂದು ಬಿಟ್ಟುಬಂದಿದ್ದ ಕಾರ್ಖಾನೆಯ ಗೇಟನ್ನೇ ತುಳಿದಳು. ಅವಳ ಹಳೆಯ ವಿಭಾಗದ ಮುಖ್ಯಸ್ಥ ವಿಠಲರಾಯರು ಅವಳನ್ನು ಕಂಡು ಎದ್ದೇ ನಿಂತರು. ಹೊರಗಿನವರಿಗೆ ತಂತ್ರಜ್ಞಾನ ಕೊಡುವ ಯೋಜನೆಯೇ ಇದೆಯಂತೆ. ವಾರ್ನಿಷ್ ಮಾಡುವ ವಿಧಾನವನ್ನೂ ಕೊಡಬಹುದಂತೆ. ಇಷ್ಟು ದಿನ ಯಾರೂ ಬಂದು ಕೇಳಿಲ್ಲವಂತೆ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎನ್ನುವುದು ಇದಕ್ಕೇ. ಇತ್ತ ವಿದ್ಯೆ ಅಲಮಾರಿಯಲ್ಲಿ ಕೊಳೆಯುತ್ತಿದೆ, ಅತ್ತ ಕೊಂಡಾಪುರ ಅದಿಲ್ಲದೆ ಕತ್ತಲಲ್ಲಿ ಕೂತಿದೆ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಫೈಲು ಮೊದಲ ಮೇಜಿನ ಮೇಲೇ ಮಲಗಿತು. ಸುಮಂಗಲಾ ಹೋಗಿ ಜಗಳಾಡಿದಳು, ಅದು ಮಗ್ಗುಲು ಬದಲಿಸಲಿಲ್ಲ. ಆಗ ಗೊಲ್ಲಾಳಪ್ಪ ಯಾರೂ ಕರೆಯದೆ ತಾನೇ ತನ್ನ ಕಚೇರಿಗೆ ರಜೆ ಹಾಕಿದ.

"ಜಗಳಾಡಿದ್ರ ಫೈಲು ನಡಿಯಂಗಿಲ್ಲ," ಎಂದ. "ಅದರ ಜೋಡಿ ನಾವೂ ನಡೀಬೇಕು."

ನಡೆದೇ ನಡೆದ. ಒಂದೊಂದು ಮೇಜಿನ ಎದುರೂ ನಗುನಗುತ್ತ ಕೂತ. ಎಲ್ಲಿ ಯಾರ ಸಹಿ ಮೊದಲು ಬೇಕು, ಯಾವ ಸಾಹೇಬರು ಊಟಕ್ಕೆ ಮುಂಚೆ ಪ್ರಸನ್ನರು, ಯಾವ ಸಾಹೇಬರು ಊಟದ ನಂತರ, ಎಲ್ಲ ಅವನಿಗೆ ಗೊತ್ತಾಗಿಬಿಡುತ್ತಿತ್ತು. ಯಾರ ಕೈಗೂ ಕಾಸು ಹಾಕಲಿಲ್ಲ. ವಾರ ಕಳೆಯುವುದರೊಳಗೆ ಮಂಜೂರಾತಿ ಹಿಡಿದು ಮನೆಗೆ ಬಂದ. ಈ ಮನುಷ್ಯನನ್ನು ಇಷ್ಟು ವರ್ಷ ಬರೀ ಗುಮಾಸ್ತನೆಂದು ತಿಳಿದೆನಲ್ಲ ಎಂದು ಸುಮಂಗಲಾಳಿಗೆ ಮೊದಲ ಸಲ ಅನ್ನಿಸಿತು.

ವಿಧಾನ ಸಿಕ್ಕರೂ ತೊಡಕು ತೀರಲಿಲ್ಲ. ಕಾರ್ಖಾನೆಯಲ್ಲಿ ಅದ್ದಿದ ಕಾರ್ಡುಗಳನ್ನು ಧೂಳಿಲ್ಲದ ದೊಡ್ಡ ಹಾಲ್‌ನಲ್ಲಿ ಮೂರು ದಿನ ಒಣಗಿಸುತ್ತಿದ್ದರು. ಶೆಡ್ಡಿನಲ್ಲಿ ಎಲ್ಲಿಟ್ಟರೂ ಧೂಳು ಅಂಟುತ್ತಿತ್ತು, ಮೂರು ದಿನ ಕಾಯುವಷ್ಟು ವ್ಯವಧಾನವೂ ಇರಲಿಲ್ಲ. ಸುಮಂಗಲಾ ತವರಿನಿಂದ ಬಂದ ಕಬ್ಬಿಣದ ಅಲಮಾರಿಯೊಳಗಿನ ಸೀರೆಗಳನ್ನೆಲ್ಲ ತೆಗೆದು ಮಂಚದ ಮೇಲೆ ಗುಡ್ಡೆಹಾಕಿದಳು. ಕಾವಿಗೆಂದು ತಳದಲ್ಲಿ ಬಲ್ಬುಗಳನ್ನು ಕೂರಿಸಿದಳು. ಸೀರೆ ತೂಗುಹಾಕುವ ಸಲಾಕೆಗೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಕಾರ್ಡುಗಳನ್ನು ಕಚ್ಚಿಸಿ, ಬಾಗಿಲು ಮುಚ್ಚಿದಳು. ಬಲ್ಬುಗಳನ್ನು ಹೆಚ್ಚುಕಡಿಮೆ ಮಾಡುತ್ತ, ಹಲವು ಕಾರ್ಡು ಸುಟ್ಟು, ಹಲವು ಸಲ ಬಯ್ದುಕೊಂಡು, ಕಡೆಗೆ ಹದ ಹಿಡಿದಳು. ಮೂರು ದಿನದ ಕೆಲಸ ಒಂದೇ ಹಗಲಿಗೆ ಇಳಿಯಿತು. ಗೊಲ್ಲಾಳಪ್ಪ ಅಷ್ಟೂ ದಿನ ರೇಷ್ಮೆ ಸೀರೆಗಳ ಪಕ್ಕದಲ್ಲಿ ಮುದುರಿಕೊಂಡು ಮಲಗಿದ.

ಈ ಸಲ ಹಬೆಯ ಕೋಣೆಯಿಂದ ಯಂತ್ರ ನಡೆಯುತ್ತಲೇ ಹೊರಬಂತು. ವಿಜಯಶ್ರೀ ತಾನೇ ಕೈಯಾರೆ ಠಸ್ಸೆ ಒತ್ತಿದಳು. ಸುದ್ದಿ ಕೇಳಿದ ವಿಠಲರಾಯರು ಕೂಕಟ್‌ಪಲ್ಲಿಯ ಮನೆಗೇ ಬಂದು, ಅಲಮಾರಿಯೊಳಗೆ ತಲೆಹಾಕಿ ನೋಡಿ, ಇಂಥದ್ದೇ ಒಂದನ್ನು ಕಾರ್ಖಾನೆಯಲ್ಲೂ ಮಾಡಿಸಬಹುದೇ ಎಂದು ಕೇಳಿದರು. ಸರಕಾರ ತನ್ನ ಮನೆಗೆ ಕಲಿಯಲು ಬಂದದ್ದನ್ನು ಕಂಡು ಸುಮಂಗಲಾಳ ಎದೆ ಉಬ್ಬಿತು. ಅವರಿಗೆ ಮಾಡಿಸಿಕೊಳ್ಳಲು ಹೇಳಿ, ಶೇಂಗಾ ಹೋಳಿಗೆ ಬಡಿಸಿದಳು.

ಉಳಿದದ್ದು ಕೊಂಡಾಪುರ. ಕೈಯಿಂದ ಸ್ವಿಚ್ ಆರಿಸಿ ತೋರಿಸುವ ಪರೀಕ್ಷೆ ಆನಂದಕುಮಾರನಿಗೆ ಬೇಡವಾಗಿತ್ತು. ಮಳೆ ಬರಬೇಕು, ಕರೆಂಟು ತಾನಾಗಿ ಹೋಗಬೇಕು. ಯಂತ್ರ ಕೂಡಿಸಿದ ಮೇಲೆ ನೋಡಿದರೆ ಕರೆಂಟು ಹೋಗುವುದನ್ನೇ ಮರೆತಿತ್ತು. ಹೈದರಾಬಾದಿನಲ್ಲಿ ಕರೆಂಟ್ ಹೋಗಲಪ್ಪಾ ಎಂದು ದೇವರಿಗೆ ಮೊರೆಯಿಟ್ಟವಳು ಆಗ ಅವಳೊಬ್ಬಳೇ ಇರಬೇಕು. ದಿನವೂ ಹೋಗಿ ಯಂತ್ರದ ಮಗ್ಗುಲಿಗೆ ಕೂತು ಬರುತ್ತಿದ್ದಳು. ಒಂದು ಶನಿವಾರ ಗೊಲ್ಲಾಳಪ್ಪನೂ ಜೊತೆಗೆ ಬಂದ.

ಆ ಮಧ್ಯಾಹ್ನ ಮುಗಿಲು ಕಪ್ಪಿಟ್ಟು, ಬಂಗಾಳ ಕೊಲ್ಲಿಯ ಮಳೆ ಕೊಂಡಾಪುರದ ಮೇಲೆ ಸುರಿಯಿತು. ಇಬ್ಬರೂ ನೆಲಮಹಡಿಯ ಯಂತ್ರದ ಕೋಣೆಯಲ್ಲಿದ್ದರು. ಹೊರಗೆ ಢಮ್ಮೆಂದು ಸದ್ದಾಗಿ ದಾರಿಯುದ್ದಕ್ಕೂ ದೀಪಗಳು ಆರಿದವು. ಎದುರಿನ ಕಟ್ಟಡ ಕಪ್ಪಾಯಿತು. ಇವರ ಕಟ್ಟಡದ ಜನರೇಟರು ನಾಲ್ಕು ಸಲ ಕೆಮ್ಮಿ ಸುಮ್ಮನಾಯಿತು. ಸುಮಂಗಲಾ ಯಂತ್ರದ ಕಡೆ ನೋಡಲಿಲ್ಲ. ಸೆರಗು ಸಿಕ್ಕಿಸಿಕೊಂಡು ಕತ್ತಲ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತಿದಳು, ಹಿಂದೆ ಗೊಲ್ಲಾಳಪ್ಪ. ಯಂತ್ರ ಜೋಡಿಸಿರದ ಮಹಡಿಗಳಲ್ಲಿ ಕೂಗಾಟ ಎದ್ದಿತ್ತು. ಅದನ್ನು ದಾಟಿ ತನ್ನ ಮಹಡಿಯ ಬಾಗಿಲು ನೂಕಿದಳು.

ದೀಪಗಳು ಉರಿಯುತ್ತಿದ್ದವು. ಸಾಲುಸಾಲು ಕಂಪ್ಯೂಟರುಗಳ ಮುಂದೆ ಹುಡುಗ ಹುಡುಗಿಯರು ಕೀಲಿಮಣೆ ಕುಟ್ಟುತ್ತ ಕೂತಿದ್ದರು. ಒಬ್ಬರೂ ತಲೆಯೆತ್ತಲಿಲ್ಲ.

ಆನಂದಕುಮಾರ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಓಡಿಬಂದ. ಒಂದು ಗಳಿಗೆ ಆ ಬೆಳಕನ್ನೇ ನೋಡುತ್ತ ನಿಂತ.

"ಅಕ್ಕಾರೆ, ಉಳಿದ ಮಹಡಿಗೋಳಿಗೂ ಮಾಡಿಕೊಡ್ರಿ," ಎಂದ. "ಎಷ್ಟು ಜಲ್ದಿ ಆಗ್ತೈತಿ, ಅಷ್ಟು ಜಲ್ದಿ."

ಸುಮಂಗಲಾ ಉತ್ತರ ಕೊಡುವಷ್ಟರಲ್ಲಿ, ಬಾಗಿಲ ಬಳಿ ಕೂತಿದ್ದ ಹುಡುಗಿಯೊಬ್ಬಳು ಅವನ ಒದ್ದೆ ಬಟ್ಟೆಯನ್ನೂ, ಅವನ ಕೈಯಲ್ಲಿದ್ದ ಟಾರ್ಚನ್ನೂ ನೋಡಿ ಅಚ್ಚರಿಯಿಂದ ತೆಲುಗಿನಲ್ಲಿ ಕೇಳಿದಳು.

"ಕರೆಂಟ್ ಪೋಯಿಂದಾ?"

ಯಾವ ಮಾತಿಗೂ ಉತ್ತರ ಬಾಕಿ ಇಡದ ಸುಮಂಗಲಾಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳ ಪರವಾಗಿ ಗೊಲ್ಲಾಳಪ್ಪನೇ ತನ್ನ ಕಚೇರಿಯ ತೆಲುಗಿನಲ್ಲಿ, ಹೋಗಿ ಆಗಲೇ ಬಹಳ ಹೊತ್ತಾಯಿತಮ್ಮಾ, ನೀನು ನಿನ್ನ ಕೆಲಸ ನೋಡು ಎಂದ. ಹುಡುಗಿ ಸರಿಯೆಂದು ಮತ್ತೆ ಕೆಲಸಕ್ಕೆ ತಿರುಗಿದಳು.